ಮರದಲ್ಲಿ ಏನಿದೆ?

ಮಡಿಕೇರಿ ಮಾವ: [ಚಿತ್ರ] ನೀನು ಹೊಗಳಿದ, ಭಯಾನಕ ಕಥೆಗಳನ್ನು ಬರೆಯುವ ಕೇಟ್ಲಿನ್ ಕೀರ್ನನ್ ಅವರ ‘ದಿ ರೆಡ್ ಟ್ರೀ’ ಕಾದಂಬರಿಯನ್ನು ಈ ಓದುಗರು ಹೇಗೆ ಜಾಡಿಸಿದ್ದಾರೆ ನೋಡು. ಪುಸ್ತಕ ಮುಗಿದರೂ ಆ ಮರದಲ್ಲಿ ಏನಿದೆಯೆಂದು ತಿಳಿಯುವುದಿಲ್ಲವಂತೆ. ಮುಗಿಸಲು ಬಾರದವರು ಕಥೆ ಯಾಕೆ ಹೇಳಬೇಕು?

ನಾನು: ಬಾರದೆ ಅಲ್ಲ ಮಾವ, ಬೇಕೆಂದೇ ಬಿಟ್ಟಿದ್ದಾರೆ. ಸಾರಾ ಕ್ರೋ ಎಂಬ ಲೇಖಕಿ ಅಮೆರಿಕದ ರೋಡ್ ಐಲೆಂಡಿನ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ಬರೆದ ದಿನಚರಿ ಅದು. ಆಕೆ ಸತ್ತಿದ್ದಾಳೆಂದು ಸಂಪಾದಕರ ಮುನ್ನುಡಿಯೇ ಹೇಳಿಬಿಡುತ್ತದೆ. ಆಕೆಯ ಮಾತನ್ನು ಎಷ್ಟು ನಂಬಬೇಕು ಎಂಬುದಷ್ಟೇ ನಮಗೆ ಉಳಿಯುವುದು.

ವಿರಾಜಪೇಟೆ ಅಣ್ಣ: ನಂಬಲಾಗದ ನಿರೂಪಕಿ ಇದ್ದರೆ ಲೇಖಕರಿಗೆ ಅನುಕೂಲ. ಯಾವ ಎಳೆ ತಪ್ಪಿದರೂ ಅವಳ ತಲೆಗೆ ಕಟ್ಟಬಹುದು. ಕೀರ್ನನ್ ಅವರದೇ ‘ದಿ ಡ್ರೌನಿಂಗ್ ಗರ್ಲ್’ ನಾನೂ ಹಿಡಿದಿದ್ದೆ. ಅದರ ನಿರೂಪಕಿ ಇಂಪ್, ಈವಾ ಎಂಬವಳು ತನಗೆ ಸಿಕ್ಕಿದ್ದು ಜುಲೈನಲ್ಲಿ ಎನ್ನುತ್ತಾಳೆ, ಆಮೇಲೆ ನವೆಂಬರಿನಲ್ಲಿ ಎನ್ನುತ್ತಾಳೆ. ಅರ್ಧಕ್ಕೇ ಕೈಬಿಟ್ಟೆ.

ನಾನು: ಅಣ್ಣ, ಇಂಪ್‌ಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗವಿದೆ, ಅದನ್ನು ಅವಳೇ ಹೇಳಿಕೊಳ್ಳುತ್ತಾಳೆ. ಎರಡೂ ನೆನಪು ನಿಜವೆನಿಸುವವಳ ಸಂಕಟ ಅದು. 2012ರ ಆ ಕಾದಂಬರಿಗೆ ಭಯಾನಕ ಸಾಹಿತ್ಯದ ಬ್ರಾಮ್ ಸ್ಟೋಕರ್ ಪ್ರಶಸ್ತಿಯೂ ಲಿಂಗಭಾವವನ್ನು ಶೋಧಿಸುವ ಕಲ್ಪನಾ ಸಾಹಿತ್ಯದ ಟಿಪ್ಟ್ರೀ ಪ್ರಶಸ್ತಿಯೂ ಬಂದವು. 2014ರಲ್ಲಿ ಕೀರ್ನನ್ ಅವರಿಗೆ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಎರಡು: ಒಂದು ಸಣ್ಣಕಥೆಗೆ, ಒಂದು ಸಂಕಲನಕ್ಕೆ.

ವಿರಾಜಪೇಟೆ ಅಣ್ಣ: ಪ್ರಶಸ್ತಿ ಬಂದ ಮಾತ್ರಕ್ಕೆ ಪುಸ್ತಕ ಓದಿಸಿಕೊಳ್ಳುವುದಿಲ್ಲ.

ನಾನು: ಸರಿ, ಅದು ಪಕ್ಕಕ್ಕಿರಲಿ. ‘ದಿ ರೆಡ್ ಟ್ರೀ’ಯಲ್ಲಿ ಸಾರಾ ಮತ್ತು ಅದೇ ಮನೆಯ ಮಹಡಿಯ ಮೇಲಿನ ಚಿತ್ರಕಲಾವಿದೆ ಬುತ್ತಿ ಕಟ್ಟಿಕೊಂಡು ಆ ಮರದ ಬಳಿಗೆ ಹೊರಡುತ್ತಾರೆ. ಕೂಗಳತೆಯ ದೂರ. ನಡೆದಷ್ಟೂ ಮರ ಸಿಗುವುದಿಲ್ಲ, ತಿರುಗಿ ಹೊರಟರೆ ಮನೆಯೂ ಸಿಗುವುದಿಲ್ಲ. ರಕ್ತವಿಲ್ಲ, ದೆವ್ವವಿಲ್ಲ. ಅದನ್ನು ಓದಿದ ಮೇಲೆ ನಮ್ಮ ತೋಟದ ಒಳದಾರಿಯಲ್ಲಿ ಒಬ್ಬಳೇ ನಡೆಯಲು ನನಗೆ ಹಿಂಜರಿಕೆಯಾಗಿತ್ತು.

ಮಡಿಕೇರಿ ಮಾವ: ಕಾರಣ ಕೊಡದೆ ಹೆದರಿಸುವುದು ಸುಲಭ. ನಮ್ಮ ಊರಿನ ತೆರೆಯಲ್ಲಿ, ಅಂದರೆ ದೈವದ ವೇಷ ಕಟ್ಟಿ ಆಡುವ ಆಚರಣೆಯಲ್ಲಿ, ದೈವ ಮುನಿದರೂ ಯಾಕೆ ಮುನಿದಿದೆ, ಏನು ಮಾಡಬೇಕು ಎಂದು ನುಡಿದೇ ಹೋಗುತ್ತದೆ.

ನಾನು: ದೈವಕ್ಕೆ ನಾವು ಬೇಕು, ಅದಕ್ಕೇ ನುಡಿಯುತ್ತದೆ. ಕೀರ್ನನ್ ಬರೆಯುವ ಲೋಕಕ್ಕೆ ಮನುಷ್ಯನ ಗೊಡವೆಯೇ ಇಲ್ಲ. ಅವರು ಭೂವಿಜ್ಞಾನ, ಪಳೆಯುಳಿಕೆ ಓದಿದವರು. 2001ರ ‘ಥ್ರೆಶೋಲ್ಡ್’ನಲ್ಲಿ ಭಯ ಹುಟ್ಟುವುದೇ ಅಲಬಾಮದ ಗುಡ್ಡದೊಳಗಿನ ನೀರಿನ ಸುರಂಗದಲ್ಲಿ, ಟ್ರೈಲೊಬೈಟ್ ಎಂಬ ಪುರಾತನ ಕಡಲಜೀವಿಯ ಕಲ್ಲಾದ ಪಳೆಯುಳಿಕೆಗಳಲ್ಲಿ. ಕೋಟಿಗಟ್ಟಲೆ ವರ್ಷದ ಕಲ್ಲು ನಮಗೆ ಯಾವ ಸಮಾಧಾನ ಹೇಳುತ್ತದೆ?

ಮಕ್ಕಂದೂರು ಅತ್ತೆ: ನಾನು ಈ ಪುಸ್ತಕಗಳನ್ನು ಓದಿಲ್ಲ. ಆದರೆ ಭಾವ, 2018ರ ಆಗಸ್ಟ್ ನೆನಪಿಸಿಕೊಳ್ಳಿ. ಮನೆ ಹಿಂದಿನ ಗುಡ್ಡದ ಬರೆ ಕುಸಿದಾಗ ಕಾಫಿ ಗಿಡಗಳು ಸಾಲು ಕೆಡದೆ ಕೆಳಗೆ ಬಂದು ನಿಂತಿದ್ದವು. ಕಾರಣಗಳನ್ನು ಎಲ್ಲರೂ ಹೇಳಿದರು: ವಿಪರೀತ ಮಳೆ, ಇಳಿಜಾರು ಕಡಿದದ್ದು, ನೀರು ಕುಡಿದ ಮಣ್ಣು. ಎಲ್ಲವೂ ಸರಿಯೇ. ಆದರೂ ಕಕ್ಕಡ ತಿಂಗಳ ಮಳೆ ಹಿಡಿದರೆ ನಾನು ಇಂದಿಗೂ ಹಿಂದಿನ ಕೋಣೆಯಲ್ಲಿ ಮಲಗುವುದಿಲ್ಲ.

ಮಡಿಕೇರಿ ಮಾವ: ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ಅದು ನಡೆದದ್ದು, ಇದು ಬರೆದದ್ದು. ಬರೆದವರಿಗೆ ಹೊಣೆ ಇದೆ.

ನಾನು: ಇದೆ ಮಾವ. ಅದನ್ನು ವಾಕ್ಯದಲ್ಲಿ ಕೇಳಿ. ಮೊದಮೊದಲ ಕಾದಂಬರಿಗಳಲ್ಲಿ ವಿಶೇಷಣಗಳು ಕಿಕ್ಕಿರಿದಿವೆ, ಪದಕ್ಕೆ ಪದ ಅಂಟಿಸುವ ಚಾಳಿ ಕಾಡುತ್ತದೆ. ಅದಕ್ಕೆ ಬೈಯಿರಿ, ಒಪ್ಪುತ್ತೇನೆ. ಪುಣೆಯಲ್ಲಿ ಹುಟ್ಟಿದ ಎಸ್.ಟಿ. ಜೋಶಿ ಭಯಾನಕ ಸಾಹಿತ್ಯದ ಕಟು ವಿಮರ್ಶಕರು, ಸ್ಟೀಫನ್ ಕಿಂಗ್ ಅವರನ್ನೂ ಬಿಟ್ಟವರಲ್ಲ. ಅವರು ಕೀರ್ನನ್ ಅವರನ್ನು ಮೆಚ್ಚಿದ್ದಾರೆ. ವಿವರಣೆ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಡಿ.

ವಿರಾಜಪೇಟೆ ಅಣ್ಣ: ಬುತ್ತಿಯ ಪ್ರಸಂಗವನ್ನಂತೂ ಓದುತ್ತೇನೆ. ಇಂಪ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮಡಿಕೇರಿ ಮಾವ: ಮೊದಲು ನನಗೆ ಕಳಿಸು. ಓದುತ್ತೇನೆ, ಆದರೆ ಅವರು ಮರದವರೆಗೆ ಯಾಕೆ ತಲುಪಲಿಲ್ಲ ಎಂದು ಕೇಳುವುದನ್ನು ಬಿಡುವುದಿಲ್ಲ.