ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದರೆ ನುಡಿ ಟೈಪಿಂಗ್ ಕತೆ ಏನು?

ಮಳೆಗಾಲ: ನಮಸ್ಕಾರ. ಮನೆಯಲ್ಲಿರುವುದು ವಿಂಡೋಸ್ 10, 4 ಜಿಬಿ ರ್‍ಯಾಮ್. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ, ಹಾಗಾಗಿ ವಿಂಡೋಸ್ 11 ಆಗುವುದಿಲ್ಲವಂತೆ. 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿತು. ಅಪ್ಪ ಮಾಡುವುದು ಎರಡೇ ಕೆಲಸ, ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುವುದು, ಸೊಸೈಟಿ ಪತ್ರಗಳನ್ನು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವುದು. ಹಳೇ ಪತ್ರ ಒಂದು ಹೋದರೂ ನನಗೆ ಮನೆಯಲ್ಲಿ ಊಟ ಇಲ್ಲ.

ಟಕ್ಸ್‌ಪ್ರಿಯ: ಧಾರಾಳವಾಗಿ ಹಾಕಿ. ಲಿನಕ್ಸ್ ಮಿಂಟ್‌ನಲ್ಲಿ (ವಿಂಡೋಸ್ ಬದಲು ಹಾಕುವ ಉಚಿತ ಓಎಸ್) ಎಕ್ಸ್‌ಎಫ್‌ಸಿಇ ಅಂತ ಇರುವ ಹಗುರ ಆವೃತ್ತಿ ಇಳಿಸಿಕೊಳ್ಳಿ, ರೂಫಸ್ ಅನ್ನುವ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಹಾಕಿ (ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹುಷಾರು), ಅದರಿಂದಲೇ ಬೂಟ್ ಮಾಡಿ. ಇನ್‌ಸ್ಟಾಲ್ ಮಾತ್ರ ಒತ್ತಬೇಡಿ! ಅದನ್ನು ಒತ್ತದಿದ್ದರೆ ಡಿಸ್ಕ್‌ನಲ್ಲಿರುವುದು ಹಾಗೇ ಇರುತ್ತದೆ. ವೈಫೈ, ಸೌಂಡ್, ಪ್ರಿಂಟರ್ ಎಲ್ಲ ನೋಡಿಕೊಂಡು ಆಮೇಲೆ ಮುಂದಿನ ಮಾತು.

ಒತ್ತಕ್ಷರ: ನುಡಿ ತಂತ್ರಾಂಶ ಲಿನಕ್ಸ್‌ಗೆ ಬರುವುದಿಲ್ಲ, ಆದರೆ ಅದರ ಕೀಲಿಮಣೆ ಇದೆ. ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಜೊತೆ ಎಂ17ಎನ್ (ಅದಕ್ಕೆ ಕೀಲಿಮಣೆಗಳನ್ನು ಕೊಡುವ ಪ್ಯಾಕೇಜ್) ಹಾಕಿಕೊಂಡರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಸಿಗುತ್ತದೆ, ಅದೇ ನುಡಿ ಕೀಲಿಮಣೆ. ಒತ್ತು ಕೊಡಲು ಎಫ್ ಒತ್ತುವುದೂ ಹಾಗೇ, ಅಪ್ಪನ ಬೆರಳಿಗೆ ಜಾಸ್ತಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಿಜವಾದ ತಲೆನೋವು ಹಳೇ ಪತ್ರಗಳದ್ದು. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದಿದ್ದರೆ, ತೆರೆದ ಕೂಡಲೇ ಇಂಗ್ಲಿಷ್ ಅಕ್ಷರಕ್ಕೆ ಚುಕ್ಕಿ, ಗೀಟು ಸೇರಿಸಿದಂಥ ಏನೇನೋ ಕಾಣಿಸುತ್ತದೆ. ಗಾಬರಿ ಬೇಡ, ಪತ್ರ ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೇ. ವಿಂಡೋಸ್ ಇರುವಾಗಲೇ ನುಡಿ ಫಾಂಟ್‌ಗಳನ್ನು ಎತ್ತಿಟ್ಟುಕೊಳ್ಳಿ, ಮಿಂಟ್‌ಗೆ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ ಓದಬಹುದು. ಮುಂದೆ ತಿದ್ದಬೇಕಾದ ಪತ್ರಗಳನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಬಿಡಿ. ಪರಿವರ್ತಿಸಿದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು ಆಗಾಗ ಕೈಕೊಡುತ್ತದೆ.

ಬಿಚ್ಚಿನೋಡು: ಎಲ್ಲರೂ ಮಿಂಟ್ ಮಿಂಟ್ ಅಂತೀರಲ್ಲ, ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಯಾವ ಓಎಸ್ ಹಾಕಿದರೂ ಆಮೆಯೇ. ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ಅದಕ್ಕೆ ಮಿಂಟ್ ಹಾಕಿ. ಹಳೇ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡಿ, ವಿಂಡೋಸ್ ಸಮೇತ ಪತ್ರಗಳೆಲ್ಲ ಅದರಲ್ಲೇ ಇರುತ್ತವೆ. ಡಿಸ್ಕ್ ಭಾಗ ಮಾಡುವ (ಪಾರ್ಟಿಶನ್) ಗೋಜೂ ಇಲ್ಲ.

ಮಳೆಗಾಲ: ಡಿಸ್ಕ್ ಬಿಚ್ಚಿಡುವುದು ಒಳ್ಳೆ ಉಪಾಯ, ಹಾಗೇ ಮಾಡುತ್ತೇನೆ. ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿದೆ. ಸೌಂಡ್ ಬಂತು, ಪ್ರಿಂಟರ್ ಬಂತು, ವೈಫೈ ಮಾತ್ರ ಕಾಣಿಸುತ್ತಲೇ ಇಲ್ಲ. ವೈಫೈ ಚಿಪ್ ಬ್ರಾಡ್‌ಕಾಮ್ ಕಂಪನಿಯದು ಅಂತ ಬರೆದಿದೆ.

ಟಕ್ಸ್‌ಪ್ರಿಯ: ಅದು ಹಳೇ ಕಾಟ. ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಮ್ ಡ್ರೈವರ್ ಅಲ್ಲೇ ತೋರಿಸಬೇಕು. ತೋರಿಸದಿದ್ದರೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci, ಒಳಗಿನ ಹಾರ್ಡ್‌ವೇರ್ ಪಟ್ಟಿ ತೋರಿಸುವ ಆದೇಶ) ಕೊಟ್ಟು, ಬಂದದ್ದನ್ನು ಇಲ್ಲಿ ಹಾಕಿ.