ಭಾವ ಕೇಳಿದ ಪ್ರೋಗ್ರಾಮಿಂಗ್ ಕೋರ್ಸ್ ಪ್ರಶ್ನೆಗೆ (ಉದ್ದ ಇದೆ, ಬಿಡುವಾದಾಗ ಓದಿ)

ಭಾವ, ನಿನ್ನೆ ರಾತ್ರಿ ಗ್ರೂಪ್‌ನಲ್ಲಿ ಕೇಳಿದ್ರಲ್ಲ, ಸಹಕಾರ ಸಂಘದ ಲೆಕ್ಕದ ಕೆಲಸ ಇಟ್ಕೊಂಡೇ ಸಂಜೆ ಒಂದು ಗಂಟೆಯಲ್ಲಿ ಪ್ರೋಗ್ರಾಮಿಂಗ್ ಕಲಿಯೋಕಾಗುತ್ತಾ, ಆ ಆರು ತಿಂಗಳ ಬೂಟ್‌ಕ್ಯಾಂಪ್‌ಗೆ ಇಎಂಐ ಮಾಡಿಸಿ ಸೇರಲಾ ಅಂತ. ಕಲಿಯೋಕೆ ಖಂಡಿತ ಆಗುತ್ತೆ. ಇಎಂಐ ಮಾತ್ರ ಈಗಲೇ ಬೇಡ. ‘ನೋ ಕಾಸ್ಟ್ ಇಎಂಐ’ ಅಂತ ಹಾಕಿರ್ತಾರೆ, ಬಹಳ ಕಡೆ ಅದು ಕೋರ್ಸ್‌ನವರು ಕೊಡೋ ಕಂತಲ್ಲ, ಯಾವುದೋ ಫೈನಾನ್ಸ್ ಕಂಪನಿ ನಿಮ್ಮ ಹೆಸರಿಗೆ ಕೊಡೋ ಸಾಲ. ಮೂರನೇ ವಾರಕ್ಕೆ ಕ್ಲಾಸ್ ಬಿಟ್ರೂ ಕಂತು ನಿಮ್ಮನ್ನ ಬಿಡಲ್ಲ, ತಪ್ಪಿದ್ರೆ ಸಿಬಿಲ್ ಸ್ಕೋರ್ ಬೀಳುತ್ತೆ. ಸಾಲದ ವಿಷಯ ನಿಮಗೆ ನಾನು ಹೇಳೋದಾ! ಬೂಟ್‌ಕ್ಯಾಂಪ್‌ನವರು ಮೊದಲ ಎರಡು ಮೂರು ತಿಂಗಳು ಹೇಳಿಕೊಡೋದೆಲ್ಲ ಪುಕ್ಕಟೆಯಾಗಿ, ಇನ್ನೂ ಚೆನ್ನಾಗಿ ಸಿಗುತ್ತೆ. ಅದನ್ನ ಮುಗಿಸಿ, ಆಮೇಲೆ ಬೇಕಾದ್ರೆ ದುಡ್ಡಿನ ಮಾತು.

ಗ್ರೂಪ್‌ನಲ್ಲಿ ಒಬ್ರು ಜಾವಾ ಅಂದ್ರು, ಇನ್ನೊಬ್ರು ಸಿ ಇಲ್ಲದೆ ಬುನಾದಿನೇ ಇಲ್ಲ ಅಂದ್ರು. ಇಪ್ಪತ್ತು ವರ್ಷದ ಇಂಜಿನಿಯರಿಂಗ್ ಹುಡುಗರಿಗೆ ಅದು ಸರಿ. ದಿನವಿಡೀ ಎಕ್ಸೆಲ್ ಮುಂದೆ ಕೂರೋ ನಿಮಗೆ ಪೈಥಾನ್. ಕಾರಣ ಇಷ್ಟೇ, ಎರಡನೇ ತಿಂಗಳಿಗೇ ನಿಮ್ಮ ಶೀಟ್ ಮೇಲೆ ಅದನ್ನ ಓಡಿಸಬಹುದು. ಸ್ವಂತ ಕೆಲಸಕ್ಕೆ ಉಪಯೋಗ ಆಗದ ಭಾಷೆ ಕೆಲಸದಲ್ಲಿರೋರ ಕೈಯಲ್ಲಿ ಬಾಳಲ್ಲ.

ಕೋರ್ಸ್ ಆರಿಸುವಾಗ ನೋಡ್ಬೇಕಾದ್ದು ಒಂದೇ: ನೀವು ಬರೆದ ಕೋಡನ್ನ ಅದು ಚೆಕ್ ಮಾಡುತ್ತಾ? ಬರೀ ವಿಡಿಯೊ ಇರೋ ಕೋರ್ಸ್ ಎಷ್ಟೇ ಚೆನ್ನಾಗಿರ್ಲಿ, ನೋಡುವಾಗ ಎಲ್ಲಾ ಅರ್ಥ ಆದ ಹಾಗಿರುತ್ತೆ, ಖಾಲಿ ಸ್ಕ್ರೀನ್ ಮುಂದೆ ಕೂತಾಗ ಒಂದು ಸಾಲೂ ಹೊರಡಲ್ಲ. ಹಾಗಾಗಿ ಒಂದು ಗಂಟೆಯಲ್ಲಿ ವಿಡಿಯೊಗೆ ಹದಿನೈದು ನಿಮಿಷ, ಉಳಿದ ನಲವತ್ತೈದು ಟೈಪ್ ಮಾಡೋಕೆ. ಕಾಪಿ ಪೇಸ್ಟ್ ಬೇಡ, ಬೆರಳಲ್ಲೇ ಟೈಪ್ ಮಾಡಿ. ಕೋಲನ್ ಮರೆಯೋದು, ಬ್ರಾಕೆಟ್ ಮುಚ್ಚದೇ ಇರೋದು, ಇವೆಲ್ಲ ಕೈಗೆ ಬರ್ಬೇಕಾದ್ದು.

ನನ್ನ ಮೊದಲ ಆಯ್ಕೆ ಹಾರ್ವರ್ಡ್‌ನ ಸಿಎಸ್50ಪಿ ಅನ್ನೋ ಆನ್‌ಲೈನ್ ಪೈಥಾನ್ ಕೋರ್ಸ್, ಡೇವಿಡ್ ಮಾಲನ್ ಪಾಠ ಮಾಡೋದು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ವಾರದ ಪಾಠ, ಕೊನೆಯದು ಬಿಟ್ಟು ಪ್ರತಿ ವಾರಕ್ಕೂ ಪ್ರಾಬ್ಲಮ್ ಸೆಟ್, ಕೊನೆಗೆ ನಿಮ್ಮದೇ ಒಂದು ಪ್ರಾಜೆಕ್ಟ್. ಕೋಡ್ ಬರೆಯೋದು ಬ್ರೌಸರ್‌ನಲ್ಲೇ, ತಪ್ಪಿದ್ರೆ ಯಾವ ಟೆಸ್ಟ್‌ನಲ್ಲಿ ತಪ್ಪಿತು ಅಂತ ತೋರಿಸುತ್ತೆ. ಎಡ್‌ಎಕ್ಸ್ ಅನ್ನೋ ಕೋರ್ಸ್ ತಾಣದ ಮೂಲಕ ಸೇರಿದ್ರೆ ಸರ್ಟಿಫಿಕೇಟ್‌ಗೆ ದುಡ್ಡು ಕೇಳ್ತಾರೆ, ಆದ್ರೆ ಸಿಎಸ್50ರವರದ್ದೇ ಪುಕ್ಕಟೆ ಸರ್ಟಿಫಿಕೇಟೂ ಇದೆ. ಬೇರೆ ಇದೆ ಅಂತ ತಿಳಿಯದೆ ಸುಮಾರು ಜನ ದುಡ್ಡು ಕಟ್ತಾರೆ. ಅವರು ಹತ್ತು ವಾರ ಅಂದಿದ್ದನ್ನ ನೀವು ಇಪ್ಪತ್ತು ವಾರ ಅಂತ ಇಟ್ಕೊಳ್ಳಿ. ಇಂಗ್ಲಿಷ್ ವೇಗ ಜಾಸ್ತಿ ಅನ್ನಿಸಿದ್ರೆ ಸ್ಪೀಡ್ 0.75ಕ್ಕೆ ಇಳಿಸಿ ಸಬ್‌ಟೈಟಲ್ ಹಾಕ್ಕೊಳ್ಳಿ.

ನಮ್ಮ ದೇಶದ್ದೇ ಬೇಕು, ಸರ್ಟಿಫಿಕೇಟ್‌ಗೆ ಇಲ್ಲಿ ತೂಕ ಇರ್ಬೇಕು ಅಂದ್ರೆ ಎನ್‌ಪಿಟಿಇಎಲ್, ಐಐಟಿಗಳಂಥ ಸಂಸ್ಥೆಗಳ ಆನ್‌ಲೈನ್ ಕೋರ್ಸ್ ತಾಣ. ಐಐಟಿ ರೋಪರ್‌ನ ‘ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ 12 ವಾರದ್ದು, ಮೆಲ್ಲಗೆ ಹೋಗುತ್ತೆ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸ್ 8 ವಾರದ್ದು, ಅದ್ಭುತವಾಗಿದೆ, ಆದ್ರೆ ಬೇಗ ಅಲ್ಗಾರಿದಮ್‌ಗೆ (ಲೆಕ್ಕ ಬಿಡಿಸೋ ಕ್ರಮಗಳಿಗೆ) ಇಳಿಯುತ್ತೆ. ಬಿಕಾಂ ಮುಗಿಸಿ ಹದಿನೈದು ವರ್ಷ ಆದೋರಿಗೆ ಅದು ಎರಡನೇ ಕೋರ್ಸ್ ಆಗ್ಲಿ. ಪಾಠ ಉಚಿತ, ಪರೀಕ್ಷೆ ಬರೀತೀರಿ ಅಂದ್ರೆ ಮಾತ್ರ ಶುಲ್ಕ. ಅಸೈನ್‌ಮೆಂಟ್‌ಗೆ 25 ಅಂಕ, ಸೆಂಟರ್‌ಗೆ ಹೋಗಿ ಬರೆಯೋ ಪರೀಕ್ಷೆಗೆ 75. ಹನ್ನೆರಡು ವಾರದಲ್ಲಿ ನಿಮ್ಮ ಒಳ್ಳೆಯ ಎಂಟು ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ, ಅಂದ್ರೆ ನಾಲ್ಕು ವಾರ ಕೈಕೊಟ್ರೂ ನಡೆಯುತ್ತೆ. ಆದ್ರೂ ಜನವರಿ ಬ್ಯಾಚ್‌ಗೆ ಸೇರ್ಬೇಡಿ ಭಾವ, ಕೊನೆಯ ವಾರಗಳು ಸರಿಯಾಗಿ ಮಾರ್ಚ್ ಕ್ಲೋಸಿಂಗ್ ಮೇಲೆ ಬೀಳುತ್ತೆ. ಜುಲೈ ಬ್ಯಾಚ್ ನೋಡಿ.

ಇಂಗ್ಲಿಷೇ ತೊಡಕು ಅನ್ನೋರು ಗ್ರೂಪ್‌ನಲ್ಲಿ ಇದ್ದೀರಲ್ಲ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ತಾಣಕ್ಕೆ ಹೋಗಿ ಭಾಷೆ ಜಾಗದಲ್ಲಿ ಕನ್ನಡ ಆರಿಸಿ, ಯಾವ ಪಾಠ ಕನ್ನಡದಲ್ಲಿದೆಯೋ ಅದರ ಪಟ್ಟಿ ಬರುತ್ತೆ. ಹತ್ತತ್ತು ನಿಮಿಷದ ಚಿಕ್ಕ ಪಾಠಗಳು. ಸ್ಕ್ರೀನ್‌ನ ಅರ್ಧದಲ್ಲಿ ವಿಡಿಯೊ ಇನ್ನರ್ಧದಲ್ಲಿ ನಿಮ್ಮ ಕೋಡ್ ಇಟ್ಕೊಂಡು ಜೊತೆಜೊತೆಗೆ ಮಾಡ್ಲಿ ಅಂತಲೇ ಮಾಡಿರೋದು.

ಈಗ ಲ್ಯಾಪ್‌ಟಾಪ್. 4 ಜಿಬಿ ರ್‍ಯಾಮ್ ಸಾಕು, ಹೊಸದು ಕೊಳ್ಬೇಡಿ. ವಿಂಡೋಸ್ 7 ಇದ್ರೆ ಮಾತ್ರ ಗಮನಿಸಿ, ಅದರ ಮೇಲೆ ಪೈಥಾನ್ 3.8ರ ಆಚೆಗಿನದ್ದು ಕೂರಲ್ಲ. ಪೈಥಾನ್ ಡಾಟ್ ಆರ್ಗ್‌ನಿಂದ ‘ಸ್ಟ್ಯಾಂಡ್‌ಅಲೋನ್ ಇನ್‌ಸ್ಟಾಲರ್’ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಆಗೋ ಮೊದಲ ಕಿಟಕಿಯ ಕೆಳಗಡೆ ‘ಪಾತ್‌ಗೆ ಸೇರಿಸು’ (ಇಂಗ್ಲಿಷ್‌ನಲ್ಲಿ ಆಡ್ ಟು ಪಾತ್) ಅನ್ನೋ ಚಿಕ್ಕ ಬಾಕ್ಸ್ ಇರುತ್ತೆ, ಟಿಕ್ ಮಾಡಿ. ಮಾಡದಿದ್ರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ (ಆದೇಶ ಟೈಪ್ ಮಾಡೋ ಕಪ್ಪು ಕಿಟಕಿ) ಪೈಥಾನ್ ಅಂತ ಹೊಡೆದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡು ಕೂರುತ್ತೆ. ಮೊದಲ ದಿನವೇ ಜನ ಕೈಬಿಡೋದು ಇಲ್ಲಿ. ಕೋಡ್ ಬರೆಯೋಕೆ ಪೈಥಾನ್ ಜೊತೆಗೇ ಬರೋ ಐಡಲ್ ಅನ್ನೋ ಎಡಿಟರ್ ಸಾಕು. ಇನ್ನೊಂದು, ಫೈಲಿಗೆ ರ್‍ಯಾಂಡಮ್, ಸಿಎಸ್‌ವಿ ಅಂತ ಪೈಥಾನ್‌ನ ಒಳಗಿರೋ ಹೆಸರುಗಳನ್ನೇ ಇಡಬೇಡಿ. ನೀವು ಇಂಪೋರ್ಟ್ (ಒಳಗೆ ತಗೋ) ಅಂದಾಗ ಅದು ಅಸಲಿ ಮಾಡ್ಯೂಲ್, ಅಂದ್ರೆ ಮೊದಲೇ ಬರೆದಿಟ್ಟ ಕೋಡ್, ಬಿಟ್ಟು ನಿಮ್ಮ ಫೈಲನ್ನೇ ಎತ್ಕೊಳ್ಳುತ್ತೆ, ಆಮೇಲೆ ಬರೋ ಎರರ್‌ಗೆ ತಲೆಬುಡ ಇರಲ್ಲ.

ಮೊದಲ ವಾರದಲ್ಲೇ ನಿಮಗೆ ಸಿಗೋ ಒಂದು ತಪ್ಪು ಈಗಲೇ ಹೇಳಿಬಿಡ್ತೀನಿ. ಬ್ಯಾಲೆನ್ಸ್ ಎಷ್ಟು ಅಂತ ಕೇಳಿ ಎರಡರಿಂದ ಗುಣಿಸೋ ಪ್ರೋಗ್ರಾಂ ಬರೀತೀರಿ. 5000 ಕೊಡ್ತೀರಿ. ಉತ್ತರ 10000 ಬರಲ್ಲ, 50005000 ಬರುತ್ತೆ. ಇನ್‌ಪುಟ್‌ನಿಂದ, ಅಂದ್ರೆ ನೀವು ಟೈಪ್ ಮಾಡಿ ಕೊಟ್ಟದ್ದರಿಂದ, ಬಂದದ್ದು ಪೈಥಾನ್‌ಗೆ ಸಂಖ್ಯೆ ಅಲ್ಲ, ಅಕ್ಷರಗಳ ಸಾಲು. ಅದನ್ನ ಎರಡು ಸಲ ಅಂದ್ರೆ ಪಕ್ಕಪಕ್ಕದಲ್ಲಿ ಎರಡು ಸಲ ಬರೆಯುತ್ತೆ. ಎರರ್ ಕೂಡ ಬರಲ್ಲ, ಅದೇ ಅಪಾಯ. ಅದೇ 5000ಕ್ಕೆ 100 ಕೂಡಿಸಿ ನೋಡಿ, ತಕ್ಷಣ ಟೈಪ್‌ಎರರ್ ಕೊಡುತ್ತೆ. ಅಕ್ಷರಗಳನ್ನ ಪೂರ್ಣಸಂಖ್ಯೆ ಮಾಡೋ ಇಂಟ್ ಒಳಗೆ ಹಾಕಿದ್ರೆ ಎರಡೂ ಸರಿಹೋಗುತ್ತೆ. ಎರರ್ ಬಂದ್ರೆ ಕೆಂಪು ಅಕ್ಷರ ನೋಡಿ ಗಾಬರಿ ಬೀಳದೆ ಕೊನೆಯ ಸಾಲು ಮೊದಲು ಓದಿ, ಏನಾಯ್ತು ಅನ್ನೋದು ಅಲ್ಲಿರುತ್ತೆ. ಎಲ್ಲಾಯ್ತು ಅನ್ನೋ ಲೈನ್ ನಂಬರ್ ಅದರ ಸ್ವಲ್ಪ ಮೇಲೆ.

ಲೆಕ್ಕದವರಿಗೆ ಇದಕ್ಕಿಂತ ಮುಖ್ಯವಾದ್ದು ರೌಂಡಿಂಗ್. ಎಕ್ಸೆಲ್‌ನಲ್ಲಿ 2.5 ರೌಂಡ್ ಮಾಡಿದ್ರೆ 3. ಪೈಥಾನ್‌ನಲ್ಲಿ 2! ತಪ್ಪಲ್ಲ, ಸರಿಯಾಗಿ ಅರ್ಧಕ್ಕೆ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗೋದು ಅದರ ನಿಯಮ. 3.5 ಕೊಟ್ರೆ 4 ಬರುತ್ತೆ. ಇದರ ಮೇಲೆ, ಮಾಮೂಲಿ ದಶಮಾಂಶದಲ್ಲಿ 0.1ಕ್ಕೆ 0.2 ಕೂಡಿಸಿದ್ರೆ 0.30000000000000004 ಅನ್ನುತ್ತೆ, ಒಳಗಡೆ ಬೈನರಿಯಲ್ಲಿ 0.1 ಪೂರ್ತಿ ಕೂರಲ್ಲ. ಸಾವಿರಾರು ಖಾತೆ ಬಡ್ಡಿ ಹಾಕುವಾಗ ಟೋಟಲ್ ಒಂದೆರಡು ರೂಪಾಯಿ ತಾಳೆ ಆಗದೆ ಇಡೀ ದಿನ ಹೋಗುತ್ತೆ. ದುಡ್ಡಿಗೆ ಯಾವತ್ತೂ ಡೆಸಿಮಲ್ ಮಾಡ್ಯೂಲ್ ಬಳಸಿ, ರೌಂಡಿಂಗ್ ‘ಹಾಫ್ ಅಪ್’ (ಅರ್ಧಕ್ಕೆ ಬಂದ್ರೆ ಮೇಲಕ್ಕೆ) ಅಂತ ನೀವೇ ಹೇಳಿ.

ಮುಂದೆ ಪ್ಯಾಂಡಾಸ್‌ಗೆ (ಶೀಟ್ ಥರದ ಪಟ್ಟಿಗಳನ್ನ ಓದಿ ಲೆಕ್ಕ ಮಾಡೋ ಪೈಥಾನ್ ಸಲಕರಣೆ) ಬಂದಾಗ ಎರಡು ಹೊಂಡ. ಖಾತೆ ಸಂಖ್ಯೆ 00123 ಇದ್ರೆ ಅದು ಸಂಖ್ಯೆ ಅಂದ್ಕೊಂಡು 123 ಮಾಡುತ್ತೆ, ಓದಿಸುವಾಗಲೇ ಆ ಕಾಲಮ್ ಸ್ಟ್ರಿಂಗ್ (ಅಕ್ಷರಗಳ ಸಾಲು) ಅಂತ ಹೇಳ್ಬೇಕು. ತಾರೀಕು 05-04 ಅಂತ ಇದ್ರೆ ಅಮೆರಿಕದ ಲೆಕ್ಕದಲ್ಲಿ ಮೇ 4 ಮಾಡಬಹುದು, ‘ಡೇಫಸ್ಟ್ ಟ್ರೂ’ (ದಿನ ಮೊದಲು) ಹಾಕಿ.

ಕನ್ನಡ ಹೆಸರುಗಳ ಫೈಲ್ ಬಗ್ಗೆ ಯಾವ ಕೋರ್ಸೂ ಹೇಳಿಕೊಡಲ್ಲ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರ ಉಳಿಸಿಡೋ ರೀತಿ) ಯುಟಿಎಫ್-8 ಅಂತ ಕೊಡಿ, ಇಲ್ಲದಿದ್ರೆ ವಿಂಡೋಸ್‌ನಲ್ಲಿ ಯೂನಿಕೋಡ್ ಎರರ್ ಬರಬಹುದು. ಎಕ್ಸೆಲ್‌ನಲ್ಲಿ ತೆರೆಯೋ ಸಿಎಸ್‌ವಿ (ಅಲ್ಪವಿರಾಮ ಹಾಕಿ ಕಾಲಮ್ ಬೇರೆ ಮಾಡಿದ ಫೈಲ್) ಬರೆಯುವಾಗ ‘ಯುಟಿಎಫ್-8-ಸಿಗ್’, ಆಗ ಕನ್ನಡ ಕಸಕಸ ಆಗಲ್ಲ. ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಸದಸ್ಯರ ಪಟ್ಟಿ ಇದ್ದೇ ಇರುತ್ತಲ್ಲ, ಅದು ಯೂನಿಕೋಡ್ ಅಲ್ಲ, ಮೊದಲು ಕನ್ವರ್ಟರ್‌ಗೆ ಹಾಕಿ. ಮತ್ತೆ ‘ಕನ್ನಡ’ ಪದದ ಉದ್ದ ಕೇಳಿದ್ರೆ ಪೈಥಾನ್ 5 ಅನ್ನುತ್ತೆ, ಕ, ನ, ಹಲಂತದ ಚಿಹ್ನೆ, ನ, ಡ. ಹೆಸರನ್ನ ಇಷ್ಟು ಅಕ್ಷರಕ್ಕೆ ಕತ್ತರಿಸು ಅಂತ ಬರೆದ್ರೆ ಒತ್ತಕ್ಷರದ ನಡುವೆ ಕತ್ತರಿ ಬೀಳುತ್ತೆ. ಅಂದ ಹಾಗೆ, ವೇರಿಯಬಲ್‌ಗೆ (ಬೆಲೆ ಇಟ್ಕೊಳ್ಳೋ ಹೆಸರು) ‘ಬಡ್ಡಿ’ ಅಂತ ಕನ್ನಡದಲ್ಲೇ ಹೆಸರಿಟ್ರೂ ಪೈಥಾನ್ ಒಪ್ಪುತ್ತೆ. ಖುಷಿಗೆ ಮಾಡಿ ನೋಡಿ, ಆದ್ರೆ ಪ್ರತಿ ಸಾಲಿಗೂ ಕೀಬೋರ್ಡ್ ಬದಲಿಸೋದು ಬೇಜಾರು.

ಎಐ ಬಂದಮೇಲೆ ಇದೆಲ್ಲ ಯಾಕೆ ಅಂದ್ರಲ್ಲ ಒಬ್ರು. ಆ 50005000 ತಪ್ಪು ಅಂತ ಗುರುತಿಸೋಕೆ ನಿಮಗೆ ಗೊತ್ತಿರ್ಬೇಕಲ್ಲ, ಅದಕ್ಕೆ. ಮೊದಲ ಎರಡು ತಿಂಗಳು ಚಾಟ್‌ಜಿಪಿಟಿ ಹತ್ರ ಕೋಡ್ ಬರೆಸಬೇಡಿ, ‘ಈ ಎರರ್ ಅರ್ಥ ಏನು’ ಅಂತ ಮಾತ್ರ ಕೇಳಿ. ಸಿಎಸ್50ರಲ್ಲಂತೂ ಹೊರಗಿನ ಎಐನಿಂದ ಬರೆಸೋದು ನಿಯಮಕ್ಕೇ ವಿರುದ್ಧ, ಬಾತುಕೋಳಿ ರೂಪದ ಅವರದ್ದೇ ಎಐ ಸಹಾಯಕ ಇದೆ, ಉತ್ತರ ಕೊಡದೆ ಸುಳಿವು ಕೊಡುತ್ತೆ. ಸಂಘದ ಸದಸ್ಯರ ಹೆಸರು, ಖಾತೆ, ಆಧಾರ್ ಇರೋ ಶೀಟನ್ನ ಚಾಟ್‌ಜಿಪಿಟಿಗಾಗಲಿ ಕೊಲ್ಯಾಬ್‌ಗಾಗಲಿ (ಬ್ರೌಸರ್‌ನಲ್ಲಿ ಪೈಥಾನ್ ಓಡಿಸೋ ಗೂಗಲ್ ತಾಣ) ಹಾಕಲೇಬೇಡಿ. ಅದೇ ಕಾಲಮ್ ಇಟ್ಟು ಸುಳ್ಳು ಹೆಸರಿನ ಇಪ್ಪತ್ತು ಸಾಲು ಮಾಡ್ಕೊಳ್ಳಿ.

ಹತ್ತರಲ್ಲಿ ಏಳು ಜನ ಕಲಿಯೋದು ನಿಲ್ಲಿಸೋದು ಫಂಕ್ಷನ್ (ಹೆಸರಿಟ್ಟ ಕೋಡ್ ತುಣುಕು) ಮತ್ತು ಲೂಪ್ (ಅದೇ ಕೆಲಸ ಸುತ್ತು ಸುತ್ತಾಗಿ ಮಾಡೋದು) ಒಟ್ಟಿಗೆ ಬರೋ ಜಾಗದಲ್ಲಿ ಅಂತ ನನ್ನ ಅಂದಾಜು. ಅಲ್ಲಿ ಬೇರೆ ಕೋರ್ಸ್ ಹುಡುಕೋಕೆ ಹೋಗ್ಬೇಡಿ, ಅದರಲ್ಲೂ ಅದೇ ಜಾಗ ಬರುತ್ತೆ. ಕಾಗದದ ಮೇಲೆ ಪ್ರತಿ ಸುತ್ತಿಗೆ ವೇರಿಯಬಲ್‌ನ ಬೆಲೆ ಎಷ್ಟು ಅಂತ ಲೆಡ್ಜರ್ ಥರ ಕಾಲಮ್ ಹಾಕಿ ಬರೀರಿ, ಒಂದು ವಾರ ಅಷ್ಟೇ ಮಾಡಿ. ಪೈಥಾನ್ ಆದ್ಮೇಲೆ ಎಸ್‌ಕ್ಯೂಎಲ್, ಡೇಟಾಬೇಸ್‌ನಿಂದ ಮಾಹಿತಿ ಕೇಳೋ ಭಾಷೆ. ಕೆಲಸ ಬದಲಿಸೋ ಮಾತು ಅದಾದ್ಮೇಲೆ.

ಕೋಡ್‌ನಲ್ಲಿ ಸಿಕ್ಕಿಕೊಂಡ್ರೆ ಇಲ್ಲೇ ಹಾಕಿ, ಆದ್ರೆ ನೇರ ಪೇಸ್ಟ್ ಮಾಡ್ಬೇಡಿ, ವಾಟ್ಸ್ಯಾಪ್ ನಕ್ಷತ್ರ ಚಿಹ್ನೆ, ಅಂಡರ್‌ಸ್ಕೋರ್ ನುಂಗಿ ಅಕ್ಷರ ದಪ್ಪ, ಓರೆ ಮಾಡಿಬಿಡುತ್ತೆ. ಫೋನ್‌ನಲ್ಲಿ ಟೈಪ್ ಮಾಡಿದ್ರೆ ಉದ್ಧರಣ ಚಿಹ್ನೆ ಬಾಗಿರಬಹುದು, ಅದನ್ನ ಪೈಥಾನ್ ಒಪ್ಪಲ್ಲ. ಎರರ್ ಪೂರ್ತಿ ಕಾಣೋ ಸ್ಕ್ರೀನ್‌ಶಾಟ್ ಜೊತೆಗೆ ಫೈಲನ್ನೇ ಡಾಕ್ಯುಮೆಂಟ್ ಮಾಡಿ ಕಳಿಸಿ.