ಸಹಾಯ ಬೇಕು: ಅಮ್ಮನ ಕಾಲಿನ ಮೇಲೆ ಹರಡುತ್ತಿರುವ ಕಂದು ಕಲೆಗಳು

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಸಮೀಪದ ಹಳ್ಳಿಯವರು. ನನ್ನ ತಾಯಿಗೆ 57 ವರ್ಷ. ಕಳೆದ ಮಳೆಗಾಲದಿಂದ ಅವರ ಎರಡೂ ಕಾಲುಗಳಲ್ಲಿ, ಮುಖ್ಯವಾಗಿ ಕಣಕಾಲಿನ ಸುತ್ತ, ರಾಗಿಕಾಳಿನಷ್ಟು ಸಣ್ಣ ಕಂದು ಚುಕ್ಕೆಗಳು ಕಾಣಿಸಿಕೊಂಡು, ಈಗ ಅಲ್ಲಲ್ಲಿ ಒಂದಕ್ಕೊಂದು ಸೇರಿ ಅಂಗೈಯಗಲದ ಕಲೆಗಳಾಗಿವೆ. ತುರಿಕೆಯಿಲ್ಲ, ನೋವಿಲ್ಲ, ಸ್ಪರ್ಶಜ್ಞಾನವೂ ಸರಿಯಾಗಿದೆ. ಕಾಫಿ ತೋಟದಲ್ಲಿ ಜಿಗಣೆ ಕಚ್ಚಿದ ಗುರುತೆಂದು ಮೊದಲು ಭಾವಿಸಿದ್ದೆವು. ಆದರೆ ಆ ಗುರುತು ಹೀಗೆ ಹರಡುವುದಿಲ್ಲ.

ವೈದ್ಯರೊಬ್ಬರು ಹುಳುಕಡ್ಡಿಯೆಂದು ಕೊಟ್ಟ ಮುಲಾಮನ್ನು ಆರು ವಾರ ಹಚ್ಚಿದರೂ ಬದಲಾವಣೆ ಕಾಣಲಿಲ್ಲ. ಗಾಜಿನ ಲೋಟವನ್ನು ಒತ್ತಿ ನೋಡಿದಾಗಲೂ ಕಲೆಯ ಬಣ್ಣ ಮಾಸುವುದಿಲ್ಲ. ದಿನವಿಡೀ ನಿಂತು ಕೆಲಸ ಮಾಡುವ ಅವರಿಗೆ ಸಂಜೆ ಪಾದ ಊದುತ್ತದೆ, ಮೀನಖಂಡದಲ್ಲಿ ನರಗಳು ಉಬ್ಬಿವೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಸರಿಯಾಗಿ ಮೇಲಕ್ಕೇರದೆ ನಿಂತಾಗ ಕೆಂಪು ರಕ್ತಕಣಗಳು ಚರ್ಮದೊಳಗೆ ಸೋರಿ, ಅವುಗಳಲ್ಲಿನ ಕಬ್ಬಿಣದ ಅಂಶ ಅಲ್ಲಿಯೇ ಉಳಿದು ಕಂದು ಬಣ್ಣ ಬರುತ್ತದೆ ಎಂದು ತಿಳಿದ ಮೇಲೆ, ಇದು ಕೇವಲ ಚರ್ಮದ ಸಮಸ್ಯೆಯಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತಿದೆ. ಮಧುಮೇಹದಲ್ಲೂ ಮೊಣಕಾಲಿನ ಕೆಳಗೆ ಕಂದು ಕಲೆಗಳು ಮೂಡುವುದುಂಟು. ಅವರ ಸಕ್ಕರೆ ಪರೀಕ್ಷೆ ಮಾಡಿಸಿ ಎರಡು ವರ್ಷವಾಯಿತು, ಅದು ನನ್ನದೇ ತಪ್ಪು.

ಮೊದಲು ಚರ್ಮರೋಗ ತಜ್ಞರನ್ನು ಕಾಣಬೇಕೇ, ರಕ್ತನಾಳದ ತಜ್ಞರನ್ನೇ? ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡುವ ಕಾಲಿನ ಡಾಪ್ಲರ್ ಸ್ಕ್ಯಾನ್ ಚಿಕ್ಕಮಗಳೂರಿನಲ್ಲಿಯೇ ಮಾಡಿಸಬಹುದೇ, ಹಾಸನಕ್ಕೆ ಹೋಗಬೇಕೇ? ಇಂತಹ ಕಲೆಗಳಿಗೆ ಚಿಕಿತ್ಸೆ ಪಡೆದವರು ದಯವಿಟ್ಟು ತಿಳಿಸಿ. ಹಚ್ಚುವ ಮನೆಮದ್ದುಗಳನ್ನು ಸದ್ಯಕ್ಕೆ ಸೂಚಿಸಬೇಡಿ. ಕಾರಣ ತಿಳಿಯುವವರೆಗೆ ಅವರ ಚರ್ಮಕ್ಕೆ ಬೇರೇನನ್ನೂ ಹಚ್ಚಲು ನನಗೆ ಧೈರ್ಯವಿಲ್ಲ.